ತಾಮ್ರ ಮುಗಿದು ಫೈಬರ್ ಶುರುವಾಗುವಲ್ಲಿ: ಮೀಡಿಯಾ ಕನ್ವರ್ಟರ್ ಆರಿಸುವ ಬಗೆ

ತಾಮ್ರದ ಈಥರ್ನೆಟ್ ಕೇಬಲ್ಲಿಗೆ 100 ಮೀಟರ್ ಎಂಬ ಗಡಿಯಿದೆ. ಕಟ್ಟಡದೊಳಗೆ ಕಾಯಂ ಆಗಿ ಎಳೆದ ಭಾಗಕ್ಕೆ 90 ಮೀಟರ್, ಎರಡು ತುದಿಗಳ ಪ್ಯಾಚ್ ಕಾರ್ಡುಗಳಿಗೆ, ಅಂದರೆ ಚಿಕ್ಕ ಜೋಡಣೆ ಕೇಬಲ್ಲುಗಳಿಗೆ, ಒಟ್ಟಾಗಿ 10 ಮೀಟರ್ ಎಂದು ಲೆಕ್ಕ ಹಾಕಿ ಇಟ್ಟ ಗಡಿ ಅದು. ಅದನ್ನು ಸ್ವಲ್ಪ ಮೀರಿದರೂ ಲಿಂಕ್ ದೀಪ ಹೊತ್ತಿಕೊಳ್ಳುವುದುಂಟು. ಆದರೆ ದೀಪ ಹೊತ್ತಿದ ಮಾತ್ರಕ್ಕೆ ದತ್ತಾಂಶ ಕೆಡದೆ ತಲುಪುತ್ತಿದೆ ಎಂದು ಅರ್ಥವಲ್ಲ. ದೂರವೊಂದೇ ಕಾರಣವೂ ಅಲ್ಲ. ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ವೋಲ್ಟೇಜಿನ ವ್ಯತ್ಯಾಸವಿದ್ದರೆ, ಹತ್ತಿರದಲ್ಲಿ ದೊಡ್ಡ ಮೋಟಾರುಗಳು ಓಡುತ್ತಿದ್ದರೆ, ಬಯಲಿನಲ್ಲಿ ಎಳೆದ ತಂತಿಗೆ ಸಿಡಿಲಿನ ಭಯವಿದ್ದರೆ, 40 ಮೀಟರ್ ದೂರಕ್ಕೂ ಫೈಬರ್ ಹಾಕುವುದೇ ಸರಿ. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲವಾದ್ದರಿಂದ ಈ ಮೂರೂ ತೊಂದರೆಗಳು ಅದರ ಬಳಿ ಸುಳಿಯುವುದಿಲ್ಲ. ಇತ್ತ ತಾಮ್ರದ ಪೋರ್ಟು ಮಾತ್ರ ಇರುವ ಸ್ವಿಚ್ಚು (ಜಾಲದ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಅಥವಾ ಕ್ಯಾಮೆರಾ, ಅತ್ತ ಫೈಬರ್. ಇವೆರಡನ್ನೂ ಜೋಡಿಸುವ ಪುಟ್ಟ ಪೆಟ್ಟಿಗೆಯೇ ಮೀಡಿಯಾ ಕನ್ವರ್ಟರ್.

ನೆಟ್‌ವರ್ಕಿನ ಖರೀದಿ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ. ಸ್ವಿಚ್ಚಿನ ಬಗ್ಗೆ ಹತ್ತು ಸಲ ಯೋಚಿಸುವವರೂ ಕನ್ವರ್ಟರನ್ನು ಬೆಲೆ ನೋಡಿ ಆರಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಕನ್ವರ್ಟರಿನ ಆಯ್ಕೆಯನ್ನು ಕನ್ವರ್ಟರಿನಿಂದ ಆರಂಭಿಸಲೇಬಾರದು. ಮೊದಲು ನೆಲದಡಿ ಮಲಗಿರುವ ಫೈಬರನ್ನು ನೋಡಬೇಕು, ಆಮೇಲೆ ಎರಡು ತುದಿಗಳ ಉಪಕರಣಗಳನ್ನು ನೋಡಬೇಕು. ಕೊನೆಗೆ, ಆ ಫೈಬರ್ ಒಂದು ದಿನ ತುಂಡಾದಾಗ ಈ ಪೆಟ್ಟಿಗೆ ಏನು ಮಾಡುತ್ತದೆ ಎಂದು ಕೇಳಬೇಕು. ಈ ಮೂರಕ್ಕೂ ಉತ್ತರ ಸಿಕ್ಕರೆ ಮಾದರಿಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ.

ಅದಕ್ಕೂ ಮುನ್ನ ಪೆಟ್ಟಿಗೆಯೊಳಗೆ ನಡೆಯುವುದೇನು ಎಂದು ತಿಳಿದಿರುವುದು ಒಳ್ಳೆಯದು. ವಿದ್ಯುತ್ ಸಂಕೇತ ಬಂದಂತೆ ದೀಪವನ್ನು ಹೊತ್ತಿಸಿ ಆರಿಸುವುದಷ್ಟೇ ಇದರ ಕೆಲಸ ಎಂದುಕೊಂಡರೆ ತಪ್ಪಾಗುತ್ತದೆ. 1999ರಲ್ಲಿ ಪ್ರಮಾಣೀಕರಣಗೊಂಡ ತಾಮ್ರದ ಗಿಗಾಬಿಟ್, ಅಂದರೆ 1000ಬೇಸ್-ಟಿ, ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳನ್ನು ಬಳಸುತ್ತದೆ. ಪ್ರತಿಯೊಂದು ಜೋಡಿಯಲ್ಲೂ ಏಕಕಾಲಕ್ಕೆ ಎರಡೂ ದಿಕ್ಕಿನಲ್ಲಿ ಐದು ಹಂತದ ವೋಲ್ಟೇಜಿನ ಸಂಕೇತ ಓಡಾಡುತ್ತದೆ. ಫೈಬರಿನ ಗಿಗಾಬಿಟ್ ಇದಕ್ಕಿಂತ ಸರಳ: ಪ್ರತಿ 8 ಬಿಟ್‌ಗಳನ್ನು 10 ಬಿಟ್‌ಗಳಾಗಿ ಸಂಕೇತಿಸಿ, ಸೆಕೆಂಡಿಗೆ 125 ಕೋಟಿ ಬಿಟ್‌ಗಳ ವೇಗದಲ್ಲಿ ಬೆಳಕಾಗಿ ಕಳುಹಿಸುತ್ತದೆ. ಒಂದು ಕಡೆಯದನ್ನು ಪೂರ್ತಿ ಬಿಡಿಸಿ ಇನ್ನೊಂದು ಕಡೆಯ ರೀತಿಯಲ್ಲಿ ಮತ್ತೆ ಕಟ್ಟುವುದು ಕನ್ವರ್ಟರಿನ ಕೆಲಸ. ಇದು ಐಪಿ ವಿಳಾಸವನ್ನು ನೋಡುವುದಿಲ್ಲ, ಹೆಚ್ಚಿನ ಮಾದರಿಗಳಿಗೆ ಯಾವ ಸೆಟ್ಟಿಂಗೂ ಬೇಕಾಗುವುದಿಲ್ಲ.

ಆದರೆ ಇಲ್ಲೊಂದು ಮುಖ್ಯವಾದ ಭೇದವಿದೆ. ಕೆಲವು ಕನ್ವರ್ಟರುಗಳು ಬಂದ ಬಿಟ್‌ಗಳನ್ನು ಹಾಗೆಯೇ ದಾಟಿಸುತ್ತವೆ. ಇನ್ನು ಕೆಲವು ಒಳಗೆ ಎರಡು ಪೋರ್ಟಿನ ಸ್ವಿಚ್ ಚಿಪ್ ಇಟ್ಟುಕೊಂಡು, ಇಡೀ ಫ್ರೇಮನ್ನು, ಅಂದರೆ ದತ್ತಾಂಶದ ಒಂದು ಕಟ್ಟನ್ನು, ಮೊದಲು ಪಡೆದು, ಪರಿಶೀಲಿಸಿ, ಆಮೇಲೆ ಮುಂದಕ್ಕೆ ಕಳುಹಿಸುತ್ತವೆ. ಎರಡನೆಯ ಬಗೆಯಿಂದ ಒಂದು ಅನುಕೂಲವಿದೆ: ತಾಮ್ರದ ಕಡೆ 100 ಮೆಗಾಬಿಟ್, ಫೈಬರಿನ ಕಡೆ 1000 ಮೆಗಾಬಿಟ್ ಇದ್ದರೂ ಅದು ಹೊಂದಿಸಿಕೊಂಡು ಹೋಗುತ್ತದೆ. ವಿಳಂಬ ಹೆಚ್ಚೇನೂ ಅಲ್ಲ. ಗಿಗಾಬಿಟ್ ವೇಗದಲ್ಲಿ 1518 ಬೈಟ್‌ಗಳ ಪೂರ್ಣ ಫ್ರೇಮನ್ನು ಪಡೆಯಲು ಸುಮಾರು 12 ಮೈಕ್ರೋಸೆಕೆಂಡ್ ಸಾಕು, 100 ಮೆಗಾಬಿಟ್‌ನಲ್ಲಿ ಅದು ಸುಮಾರು 121 ಮೈಕ್ರೋಸೆಕೆಂಡ್ ಆಗುತ್ತದೆ. ತೊಂದರೆ ಇರುವುದು ಬೇರೆಡೆ. ಇಂತಹ ಚಿಪ್ಪಿಗೆ ಫ್ರೇಮಿನ ಗಾತ್ರದ ಮಿತಿ ಇರುತ್ತದೆ. ನಿಮ್ಮ ಸ್ಟೋರೇಜ್ ಜಾಲ 9000 ಬೈಟ್‌ಗಳ ಜಂಬೋ ಫ್ರೇಮ್ ಬಳಸುತ್ತಿದ್ದರೆ ಅವು ನಡುವೆ ಸದ್ದಿಲ್ಲದೆ ಬಿದ್ದುಹೋಗಬಹುದು. ಸ್ವಿಚ್ಚುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಸುತ್ತುದಾರಿ ಆಗದಂತೆ ತಡೆಯುವ ಏರ್ಪಾಡು) ಮತ್ತು ಎಲ್‌ಎಸಿಪಿ (ಹಲವು ಲಿಂಕುಗಳನ್ನು ಒಂದಾಗಿ ಒಟ್ಟುಗೂಡಿಸುವ ಏರ್ಪಾಡು) ಸಂದೇಶಗಳಿಗೆ ಮೀಸಲಾದ ವಿಳಾಸಗಳಿವೆ. ಆ ವಿಳಾಸಗಳಿಗೆ ಹೋಗುವ ಫ್ರೇಮುಗಳನ್ನು ಮುಂದಕ್ಕೆ ಕಳುಹಿಸದಿರುವುದು ಸ್ವಿಚ್ಚಿನ ಸಹಜ ಧರ್ಮ, ಆದ್ದರಿಂದ ಕನ್ವರ್ಟರಿನೊಳಗಿನ ಚಿಪ್ ಕೂಡ ಕೆಲವೊಮ್ಮೆ ಅವನ್ನು ನುಂಗಿಬಿಡುತ್ತದೆ. ಎರಡು ಸ್ವಿಚ್ಚುಗಳ ನಡುವೆ ಕನ್ವರ್ಟರ್ ಇಡುವವರು ಡೇಟಾಶೀಟಿನಲ್ಲಿ ಈ ಎರಡು ವಿಷಯಗಳನ್ನು ಹುಡುಕಿಯೇ ಮುಂದುವರಿಯಬೇಕು.

ಈಗ ಫೈಬರಿನ ವಿಷಯಕ್ಕೆ ಬರೋಣ. ಇರುವುದು ಸಿಂಗಲ್ ಮೋಡೋ ಮಲ್ಟಿಮೋಡೋ ಎಂಬುದು ಮೊದಲ ಪ್ರಶ್ನೆ. ಎರಡರಲ್ಲೂ ಗಾಜಿನ ಹೊರವ್ಯಾಸ 125 ಮೈಕ್ರಾನ್ ಇರುವುದರಿಂದ ಕಣ್ಣಿಗೆ ಭೇದ ತಿಳಿಯುವುದಿಲ್ಲ. ಭೇದ ಇರುವುದು ಬೆಳಕು ಸಾಗುವ ಒಳತಿರುಳಿನಲ್ಲಿ. ಸಿಂಗಲ್ ಮೋಡಿನ ತಿರುಳು ಸುಮಾರು 9 ಮೈಕ್ರಾನ್, ಮಲ್ಟಿಮೋಡಿನದು 50 ಅಥವಾ 62.5 ಮೈಕ್ರಾನ್. ಕಟ್ಟಡದೊಳಗಿನ ಕೇಬಲ್ಲಿನಲ್ಲಿ ಹೊರಕವಚದ ಬಣ್ಣ ಸುಳಿವು ಕೊಡುತ್ತದೆ. ಹಳದಿ ಸಿಂಗಲ್ ಮೋಡಿಗೆ, ಕಿತ್ತಳೆ ಹಳೆಯ ಮಲ್ಟಿಮೋಡ್ ಆದ ಓಎಂ1, ಓಎಂ2ಗಳಿಗೆ, ತಿಳಿ ನೀಲಿ-ಹಸಿರು ಓಎಂ3, ಓಎಂ4ಗಳಿಗೆ ಎಂಬುದು ರೂಢಿ. ಹೊರಾಂಗಣದ ಕೇಬಲ್ಲು ಸಾಮಾನ್ಯವಾಗಿ ಕಪ್ಪಗಿರುವುದರಿಂದ ಅಲ್ಲಿ ಬಣ್ಣವನ್ನು ನಂಬುವಂತಿಲ್ಲ, ಕವಚದ ಮೇಲೆ ಅಚ್ಚಾದ ಅಕ್ಷರಗಳನ್ನೇ ಓದಬೇಕು. ಸಿಂಗಲ್ ಮೋಡ್ ಫೈಬರಿಗೆ ಮಲ್ಟಿಮೋಡ್ ಕನ್ವರ್ಟರ್ ಹಾಕಿದರೆ, ಅಗಲವಾದ ಬೆಳಕಿನ ಕಂತೆಯಲ್ಲಿ ಬಹುಪಾಲು ಆ ಕಿರಿದಾದ ತಿರುಳಿನೊಳಗೆ ಹೋಗುವುದೇ ಇಲ್ಲ. ಕೆಲವೇ ಮೀಟರುಗಳ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಲಿಂಕ್ ಬಂದು, ನಿಜವಾದ ದೂರದಲ್ಲಿ ಕೈಕೊಡುವ ಜೋಡಣೆಗಳು ಹುಟ್ಟುವುದು ಹೀಗೆ.

ಮಲ್ಟಿಮೋಡಿನಲ್ಲಿ ದೂರ ಮತ್ತು ವೇಗದ ಸಂಬಂಧವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹಳೆಯ ಜಾಲವನ್ನು ಹೊಸದಾಗಿಸುವವರು ಎಡವುವುದು ಇಲ್ಲೇ. 1995ರ 100ಬೇಸ್-ಎಫ್‌ಎಕ್ಸ್ ಪ್ರಮಾಣದಂತೆ, 1300 ನ್ಯಾನೋಮೀಟರ್ ಬೆಳಕಿನಲ್ಲಿ, ಫುಲ್ ಡ್ಯುಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕಿನ ಸಂವಹನ) ಇದ್ದರೆ ಮಲ್ಟಿಮೋಡ್ ಫೈಬರಿನಲ್ಲಿ 2 ಕಿಲೋಮೀಟರ್ ಹೋಗಬಹುದು. ಅದೇ ಫೈಬರಿಗೆ ಗಿಗಾಬಿಟ್ ಕನ್ವರ್ಟರ್ ತಂದು ಜೋಡಿಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. 850 ನ್ಯಾನೋಮೀಟರಿನ 1000ಬೇಸ್-ಎಸ್‌ಎಕ್ಸ್, 62.5 ಮೈಕ್ರಾನ್ ಫೈಬರಿನಲ್ಲಿ ಅದರ ಗುಣಮಟ್ಟಕ್ಕೆ ತಕ್ಕಂತೆ 220 ಅಥವಾ 275 ಮೀಟರ್, ಉತ್ತಮ 50 ಮೈಕ್ರಾನ್ ಫೈಬರಿನಲ್ಲಿ 550 ಮೀಟರ್ ಮಾತ್ರ ಹೋಗುತ್ತದೆ. ಬೆಳಕು ಮಂಕಾಗುವುದು ಇದಕ್ಕೆ ಮುಖ್ಯ ಕಾರಣವಲ್ಲ. ಅಗಲವಾದ ತಿರುಳಿನಲ್ಲಿ ಬೆಳಕು ಹಲವು ದಾರಿಗಳಲ್ಲಿ ಸಾಗಿ, ಬೇರೆಬೇರೆ ಹೊತ್ತಿಗೆ ತಲುಪಿ, ಒಂದು ಬಿಟ್ ಪಕ್ಕದ ಬಿಟ್ಟಿನ ಮೇಲೆ ಚಾಚಿಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಬಿಟ್‌ಗಳ ನಡುವಿನ ಅಂತರ ಕಿರಿದಾಗುವುದರಿಂದ ಆ ಚಾಚುವಿಕೆ ಬೇಗನೆ ಮುಳುವಾಗುತ್ತದೆ. ಒಂದೂವರೆ ಕಿಲೋಮೀಟರ್ ದೂರಕ್ಕೆ ವರ್ಷಗಟ್ಟಲೆ 100 ಮೆಗಾಬಿಟ್ ಹೊತ್ತು ನಿಂತ ಫೈಬರ್ ಗಿಗಾಬಿಟ್ಟನ್ನು ಹೊರಲಾರದೆ ಹೋಗುವುದು ಈ ಕಾರಣಕ್ಕೆ. ಆಗ ಎಷ್ಟೇ ದುಬಾರಿ ಎಸ್‌ಎಕ್ಸ್ ಕನ್ವರ್ಟರ್ ತಂದರೂ ಪ್ರಯೋಜನವಿಲ್ಲ. ವೇಗವನ್ನು 100ರಲ್ಲೇ ಉಳಿಸಿಕೊಳ್ಳಬೇಕು, ಇಲ್ಲವೇ ಸಿಂಗಲ್ ಮೋಡ್ ಎಳೆಯಬೇಕು. ಹೊಸದಾಗಿ ಫೈಬರ್ ಹಾಕುವವರು ಎರಡು ಕಟ್ಟಡಗಳ ನಡುವೆ ಸಿಂಗಲ್ ಮೋಡನ್ನೇ ಹಾಕಬೇಕೆಂಬುದು ನನ್ನ ದೃಢವಾದ ಮಾತು. ಅದರಲ್ಲಿ 1000ಬೇಸ್-ಎಲ್‌ಎಕ್ಸ್ 5 ಕಿಲೋಮೀಟರ್, ಎಲ್‌ಎಕ್ಸ್10 ಎಂಬ ಬಗೆ 10 ಕಿಲೋಮೀಟರ್ ಹೋಗುತ್ತದೆ, ಮುಂದೆ 10 ಗಿಗಾಬಿಟ್ ಬಂದರೂ ಅದೇ ಗಾಜು ಸಾಕಾಗುತ್ತದೆ.

ಎಳೆಗಳ ಸಂಖ್ಯೆಯೂ ಆಯ್ಕೆಯನ್ನು ತೀರ್ಮಾನಿಸುತ್ತದೆ. ಸಾಮಾನ್ಯ ಕನ್ವರ್ಟರಿಗೆ ಕಳುಹಿಸಲು ಒಂದು, ಪಡೆಯಲು ಒಂದು ಎಂದು ಎರಡು ಎಳೆ ಬೇಕು. ಒಂದೇ ಎಳೆ ಮಿಕ್ಕಿದ್ದರೆ ಎರಡು ದಿಕ್ಕಿಗೂ ಬೇರೆಬೇರೆ ತರಂಗಾಂತರ ಬಳಸುವ ಬಿಎಕ್ಸ್ ಬಗೆಯ ಕನ್ವರ್ಟರುಗಳಿವೆ. ಒಂದು ತುದಿ 1310 ನ್ಯಾನೋಮೀಟರಿನಲ್ಲಿ ಕಳುಹಿಸಿದರೆ ಇನ್ನೊಂದು ತುದಿ 1490 ಅಥವಾ 1550ರಲ್ಲಿ ಕಳುಹಿಸುತ್ತದೆ. ಇವನ್ನು ಯಾವಾಗಲೂ ಎದುರುಬದುರಿನ ಜೋಡಿಯಾಗಿಯೇ ಕೊಳ್ಳಬೇಕು. ಒಂದೇ ಬಗೆಯ ಎರಡು ತಂದರೆ ಎರಡೂ 1310ರಲ್ಲಿ ಕಳುಹಿಸುತ್ತ, ಎರಡೂ ಬೇರೆ ತರಂಗಾಂತರಕ್ಕೆ ಕಾಯುತ್ತ ಕೂರುತ್ತವೆ. 1310 ಮತ್ತು 1490 ಎಂಬ ಇದೇ ಜೋಡಿಯನ್ನು ಮನೆಮನೆಗೆ ಇಂಟರ್ನೆಟ್ ಕೊಡುವ ಜಿಪಾನ್ ವ್ಯವಸ್ಥೆಯೂ ಬಳಸುತ್ತದೆ. ತರಂಗಾಂತರ ಒಂದೇ ಎಂಬ ಕಾರಣಕ್ಕೆ ಜಿಪಾನ್ ಸಾಲಿಗೆ ಮೀಡಿಯಾ ಕನ್ವರ್ಟರ್ ಜೋಡಿಸಲು ಹೋಗಬಾರದು. ಅಲ್ಲಿ ಒಂದೇ ಎಳೆಯನ್ನು ಅನೇಕ ಮನೆಗಳು ಸರದಿಯಂತೆ ಹಂಚಿಕೊಳ್ಳುತ್ತವೆ, ಭಾಷೆಯೇ ಬೇರೆ. ಸರದಿಯಿಲ್ಲದೆ ಬೆಳಕು ಬೀರುವ ಒಂದು ಉಪಕರಣ ಆ ಎಳೆಯಲ್ಲಿರುವ ಎಲ್ಲರ ಸಂಪರ್ಕವನ್ನೂ ಕೆಡಿಸಬಲ್ಲದು.

ಕನ್ವರ್ಟರಿನ ಡಬ್ಬದ ಮೇಲೆ ಬರೆದ ‘20 ಕಿ.ಮೀ.’ ಎಂಬ ಅಂಕಿಯನ್ನು ನಾನು ಅಂದಾಜೆಂದಷ್ಟೇ ತೆಗೆದುಕೊಳ್ಳುತ್ತೇನೆ. ನಿಜವಾದ ಉತ್ತರ ಬೆಳಕಿನ ಆಯವ್ಯಯದಲ್ಲಿದೆ. ಡಿಬಿಎಂ ಎಂಬುದು ಬೆಳಕಿನ ಶಕ್ತಿಯ ಅಳತೆ, ಡಿಬಿ ಎಂಬುದು ದಾರಿಯಲ್ಲಿ ಆಗುವ ನಷ್ಟದ ಅಳತೆ. ಡೇಟಾಶೀಟಿನಲ್ಲಿ ಕಳುಹಿಸುವ ಕನಿಷ್ಠ ಶಕ್ತಿ ಮೈನಸ್ 9 ಡಿಬಿಎಂ, ಪಡೆಯುವ ಸೂಕ್ಷ್ಮತೆ ಮೈನಸ್ 20 ಡಿಬಿಎಂ ಎಂದಿದೆ ಎನ್ನೋಣ. ಖರ್ಚು ಮಾಡಲು ನಮ್ಮ ಕೈಯಲ್ಲಿ 11 ಡಿಬಿ ಇದೆ ಎಂದಾಯಿತು. 8 ಕಿಲೋಮೀಟರ್ ಸಿಂಗಲ್ ಮೋಡಿಗೆ 1310ರಲ್ಲಿ ಕಿಲೋಮೀಟರಿಗೆ 0.4 ಡಿಬಿಯಂತೆ 3.2, ಎರಡು ಕನೆಕ್ಟರ್ ಜೋಡಣೆಗಳಿಗೆ ತಲಾ 0.75ರಂತೆ 1.5, ನಾಲ್ಕು ಸ್ಪ್ಲೈಸ್‌ಗಳಿಗೆ (ಎಳೆಗಳನ್ನು ಬೆಸೆದ ಜಾಗಗಳಿಗೆ) ತಲಾ 0.1ರಂತೆ 0.4, ಒಟ್ಟು 5.1 ಡಿಬಿ. ಇದರ ಮೇಲೆ ಮುಂದಿನ ರಿಪೇರಿಗೂ ಲೇಸರ್ ಹಳತಾಗುವುದಕ್ಕೂ 3 ಡಿಬಿ ಮೀಸಲಿಟ್ಟರೂ 8.1 ಆಗುತ್ತದೆ, ಸಾಲು ನಿಲ್ಲುತ್ತದೆ. ಲೆಕ್ಕದಲ್ಲಿ ಯಾವಾಗಲೂ ಕನಿಷ್ಠ ಶಕ್ತಿಯನ್ನೇ ಹಿಡಿಯಬೇಕು, ಸರಾಸರಿಯನ್ನಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಹೆಚ್ಚು ಶಕ್ತಿಯದು ಹೆಚ್ಚು ಒಳ್ಳೆಯದು ಎಂದು ನಂಬಿ, 2 ಕಿಲೋಮೀಟರ್ ಸಾಲಿಗೆ 80 ಕಿಲೋಮೀಟರಿನ 1550 ನ್ಯಾನೋಮೀಟರ್ ಕನ್ವರ್ಟರ್ ಹಾಕಿದರೆ ಎದುರಿನ ತುದಿಯಲ್ಲಿ ಬೆಳಕು ಪಡೆಯುವ ಭಾಗಕ್ಕೆ ತಾಳಲಾರದಷ್ಟು ಬೆಳಕು ಬೀಳುತ್ತದೆ. ದೋಷಗಳು ಹೆಚ್ಚುವುದು ಒಂದು ಬಗೆ, ಆ ಭಾಗವೇ ಸುಟ್ಟುಹೋಗುವುದು ಇನ್ನೊಂದು ಬಗೆ. ಹಾಗೆ ಬಳಸಲೇಬೇಕಾದರೆ ನಡುವೆ ಬೆಳಕನ್ನು ತಗ್ಗಿಸುವ ಅಟೆನ್ಯುಯೇಟರ್ ಇಡಬೇಕು. ಪರೀಕ್ಷೆಗೆಂದು ಎರಡು ಕನ್ವರ್ಟರುಗಳನ್ನು ಮೇಜಿನ ಮೇಲೆ ಚಿಕ್ಕ ಪ್ಯಾಚ್ ಕಾರ್ಡಿನಿಂದ ಜೋಡಿಸುವಾಗಲೂ ಇದು ನೆನಪಿರಲಿ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ: ಈ ತರಂಗಾಂತರಗಳು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಫೈಬರಿನ ತುದಿಯಲ್ಲಿ ಬೆಳಕು ಬರುತ್ತಿದೆಯೇ ಎಂದು ಇಣುಕಿ ನೋಡುವ ಅಭ್ಯಾಸ ಅಪಾಯಕಾರಿಯೂ ಹೌದು, ನಿಷ್ಪ್ರಯೋಜಕವೂ ಹೌದು.

ಕನೆಕ್ಟರುಗಳ ವಿಷಯ ಸುಲಭ. ಎಸ್‌ಸಿ, ಎಲ್‌ಸಿ, ಎಸ್‌ಟಿ ಯಾವುದಿದ್ದರೂ ಸರಿಯಾದ ಪ್ಯಾಚ್ ಕಾರ್ಡ್ ಕೊಂಡರೆ ಮುಗಿಯಿತು. ಎಚ್ಚರ ಬೇಕಿರುವುದು ತುದಿಯ ಹೊಳಪಿನ ವಿಷಯದಲ್ಲಿ ಮಾತ್ರ. ಹಸಿರು ಬಣ್ಣದ ಎಪಿಸಿ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿ ಯುಪಿಸಿ ನೇರವಾಗಿರುತ್ತದೆ. ಇವೆರಡನ್ನೂ ಎದುರುಬದುರು ಕೂರಿಸಿದರೆ ನಡುವೆ ಗಾಳಿಯ ಸಂದು ಉಳಿದು ಬೆಳಕು ಸೋರುತ್ತದೆ.

ಫೈಬರ್ ಭಾಗ ಪೆಟ್ಟಿಗೆಯಲ್ಲೇ ಬೆಸೆದು ಬಂದಿರುವ ಮಾದರಿ ಬೇಕೋ, ಎಸ್‌ಎಫ್‌ಪಿ (ಕಳಚಿ ಬದಲಿಸಬಹುದಾದ ಪುಟ್ಟ ಫೈಬರ್ ಭಾಗ) ಕೂರಿಸುವ ಗೂಡು ಇರುವ ಮಾದರಿ ಬೇಕೋ ಎಂದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ದೂರ ಬದಲಾದರೆ, ಎಳೆ ಎರಡರಿಂದ ಒಂದಕ್ಕೆ ಇಳಿದರೆ, ಲೇಸರ್ ಕೆಟ್ಟರೆ, ಪೆಟ್ಟಿಗೆಯನ್ನು ಬಿಟ್ಟು ಎಸ್‌ಎಫ್‌ಪಿಯನ್ನಷ್ಟೇ ಬದಲಿಸಬಹುದು. ಅನೇಕ ಎಸ್‌ಎಫ್‌ಪಿಗಳು ತಮಗೆ ಬರುತ್ತಿರುವ ಬೆಳಕಿನ ಶಕ್ತಿಯನ್ನು ತಾವೇ ಅಳೆದು ಹೇಳುತ್ತವೆ. ಆದರೆ ಆ ಅಂಕಿಯನ್ನು ಓದಲು ನಿರ್ವಹಣಾ ಸೌಲಭ್ಯವುಳ್ಳ ಕನ್ವರ್ಟರ್ ಅಥವಾ ಸ್ವಿಚ್ ಬೇಕು. ಗೂಡು ಒಂದೇ ಆಕಾರದ್ದಾದರೂ 100 ಮೆಗಾಬಿಟ್ಟಿನ ಎಸ್‌ಎಫ್‌ಪಿ ಬೇರೆ, ಗಿಗಾಬಿಟ್ಟಿನದು ಬೇರೆ ಎಂಬುದನ್ನು ಮರೆಯಬಾರದು.

ವೇಗದ ಒಪ್ಪಂದವೂ ಇದಕ್ಕೆ ಹೊಂದಿಕೊಂಡ ವಿಷಯ. ತಾಮ್ರದ ಪೋರ್ಟುಗಳು 10, 100, 1000 ಎಂದು ತಮ್ಮಲ್ಲೇ ಮಾತಾಡಿಕೊಂಡು ವೇಗವನ್ನು ತೀರ್ಮಾನಿಸುತ್ತವೆ. ಫೈಬರಿನಲ್ಲಿ ಹಾಗಿಲ್ಲ. 100ಬೇಸ್-ಎಫ್‌ಎಕ್ಸ್‌ನಲ್ಲಿ ಆಟೋ ನೆಗೋಷಿಯೇಷನ್ ಇಲ್ಲವೇ ಇಲ್ಲ. ಗಿಗಾಬಿಟ್ ಫೈಬರಿನಲ್ಲಿ ಇದ್ದರೂ ಅದು ಡ್ಯುಪ್ಲೆಕ್ಸ್ ಮತ್ತು ಹರಿವಿನ ನಿಯಂತ್ರಣವನ್ನು ಚರ್ಚಿಸುತ್ತದೆಯೇ ಹೊರತು ವೇಗವನ್ನಲ್ಲ. ಆದ್ದರಿಂದ ಫೈಬರಿನ ಎರಡೂ ತುದಿಗಳು ಒಂದೇ ವೇಗದವಾಗಿರಲೇಬೇಕು. 100 ಮೆಗಾಬಿಟ್ಟಿನ ತಾಮ್ರದ ಪೋರ್ಟಿನಲ್ಲಿ ಒಂದು ಕಡೆ ಆಟೋ ಬಿಟ್ಟು, ಇನ್ನೊಂದು ಕಡೆ ಫುಲ್ ಡ್ಯುಪ್ಲೆಕ್ಸ್ ಎಂದು ಬಿಗಿದಿಟ್ಟರೆ, ಆಟೋ ಇರುವ ಕಡೆ ಹಾಫ್ ಡ್ಯುಪ್ಲೆಕ್ಸಿಗೆ, ಅಂದರೆ ಒಮ್ಮೆಗೆ ಒಂದೇ ದಿಕ್ಕಿನ ಸಂವಹನಕ್ಕೆ, ಇಳಿಯುತ್ತದೆ. ಪಿಂಗ್ ಎಂಬ ಪುಟ್ಟ ಪರೀಕ್ಷಾ ಸಂದೇಶ ಚೆನ್ನಾಗಿ ಬರುತ್ತದೆ, ದೊಡ್ಡ ಫೈಲ್ ಕಳುಹಿಸುವಾಗ ಮಾತ್ರ ಎಲ್ಲವೂ ತೆವಳುತ್ತದೆ. ಈ ಲಕ್ಷಣ ಕಂಡೊಡನೆ ಕನ್ವರ್ಟರಿನ ಪಕ್ಕದಲ್ಲಿರುವ ಡಿಪ್ ಸ್ವಿಚ್ಚುಗಳನ್ನು, ಅಂದರೆ ಸೆಟ್ಟಿಂಗಿನ ಪುಟ್ಟ ಗುಂಡಿಗಳನ್ನು, ನೋಡಬೇಕು.

ಇಷ್ಟರಲ್ಲಿ ಲಿಂಕ್ ಬಂದಿರುತ್ತದೆ. ಹೆಚ್ಚಿನವರ ಆಯ್ಕೆ ಅಲ್ಲಿಗೇ ನಿಲ್ಲುತ್ತದೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಗುಣ ಅದರ ಮುಂದಿದೆ. ಒಂದು ಸ್ವಿಚ್, ಅದರ ಪಕ್ಕ ಕನ್ವರ್ಟರ್, ನಡುವೆ ಫೈಬರ್, ಆಚೆ ಇನ್ನೊಂದು ಕನ್ವರ್ಟರ್, ಅದರಾಚೆ ಇನ್ನೊಂದು ಸ್ವಿಚ್. ಎಲ್ಲೋ ಮಣ್ಣು ಅಗೆಯುವಾಗ ಫೈಬರ್ ತುಂಡಾಯಿತು. ಕನ್ವರ್ಟರಿಗೂ ಸ್ವಿಚ್ಚಿಗೂ ನಡುವಿನ ಒಂದು ಮೀಟರ್ ತಾಮ್ರಕ್ಕೆ ಏನೂ ಆಗಿಲ್ಲ. ಆದ್ದರಿಂದ ಎರಡೂ ಸ್ವಿಚ್ಚುಗಳಲ್ಲಿ ಹಸಿರು ದೀಪ ಹಾಗೆಯೇ ಉರಿಯುತ್ತಿರುತ್ತದೆ, ಸ್ವಿಚ್ಚುಗಳು ಕತ್ತಲೆಗೆ ಫ್ರೇಮುಗಳನ್ನು ಕಳುಹಿಸುತ್ತಲೇ ಇರುತ್ತವೆ. ಬದಲಿ ದಾರಿ ಸಿದ್ಧವಿದ್ದರೂ ಅದನ್ನು ಬಳಸಬೇಕೆಂದು ಯಾರೂ ಅವಕ್ಕೆ ಹೇಳಿಲ್ಲ. ಹಳೆಯ ಸ್ಪ್ಯಾನಿಂಗ್ ಟ್ರೀ ತನ್ನ ಸಂದೇಶಗಳು ನಿಂತದ್ದನ್ನು ಗಮನಿಸಲು 20 ಸೆಕೆಂಡ್ ಕಾಯುತ್ತದೆ, ಅದರ ಹೊಸ ರೂಪವಾದ ಆರ್‌ಎಸ್‌ಟಿಪಿಗೂ ಸಹಜ ಸೆಟ್ಟಿಂಗಿನಲ್ಲಿ 6 ಸೆಕೆಂಡ್ ಬೇಕು. ಪೋರ್ಟು ಬಿದ್ದದ್ದು ಗೊತ್ತಾಗಿದ್ದರೆ ಆ ಕಾಯುವಿಕೆಯೇ ಬೇಕಿರಲಿಲ್ಲ. ಎಲ್‌ಎಸಿಪಿ ಇಲ್ಲದೆ ಎರಡು ಲಿಂಕುಗಳನ್ನು ಕೈಯಾರೆ ಒಟ್ಟುಗೂಡಿಸಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಸತ್ತ ಲಿಂಕಿನ ಪಾಲಿಗೆ ಬಂದ ಸಂಭಾಷಣೆಗಳೆಲ್ಲ ಕಳೆದುಹೋಗುತ್ತವೆ, ಉಳಿದವು ನಡೆಯುತ್ತವೆ. ಕೆಲವರಿಗೆ ಕೆಲಸ ಮಾಡುತ್ತದೆ, ಕೆಲವರಿಗೆ ಇಲ್ಲ ಎಂಬ ದೂರು ಬರುತ್ತದೆ, ಹುಡುಕುವವರಿಗೆ ಎಲ್ಲೆಲ್ಲೂ ಹಸಿರು ದೀಪವೇ ಕಾಣುತ್ತದೆ.

ಇದಕ್ಕೆ ಮದ್ದು ಲಿಂಕ್ ಫಾಲ್ಟ್ ಪಾಸ್ ಥ್ರೂ ಎಂಬ ಸೌಲಭ್ಯ. ಫೈಬರಿನಲ್ಲಿ ಬೆಳಕು ನಿಂತೊಡನೆ ಕನ್ವರ್ಟರ್ ತನ್ನ ತಾಮ್ರದ ಪೋರ್ಟನ್ನೂ ಬೀಳಿಸುತ್ತದೆ. ತಾಮ್ರದ ಕಡೆ ಲಿಂಕ್ ಹೋದರೆ ಫೈಬರಿನ ಬೆಳಕನ್ನು ನಿಲ್ಲಿಸಿ ಆಚೆಯ ತುದಿಗೆ ಸುದ್ದಿ ಮುಟ್ಟಿಸುತ್ತದೆ. ಎರಡು ಎಳೆಗಳಲ್ಲಿ ಒಂದು ಮಾತ್ರ ತುಂಡಾದ ಸಂದರ್ಭದಲ್ಲಿ ಕಳುಹಿಸುವವರಿಗೂ ತಿಳಿಸಲು ಫಾರ್ ಎಂಡ್ ಫಾಲ್ಟ್ ಎಂಬ ಇನ್ನೊಂದು ಏರ್ಪಾಡಿದೆ. ಎರಡೂ ತುದಿಗಳ ಕನ್ವರ್ಟರುಗಳಲ್ಲಿ ಇವು ಇದ್ದು, ಚಾಲೂ ಆಗಿದ್ದರೆ ಮಾತ್ರ ಸರಪಳಿ ಪೂರ್ತಿಯಾಗುತ್ತದೆ. ಆದ್ದರಿಂದ ಎರಡು ತುದಿಗೂ ಒಂದೇ ತಯಾರಕರ ಒಂದೇ ಮಾದರಿಯನ್ನು ಹಾಕುವುದು ಜಾಣತನ. ಮೊದಲ ಸಲ ಜೋಡಿಸುವಾಗ ಮಾತ್ರ ಇದನ್ನು ಡಿಪ್ ಸ್ವಿಚ್ಚಿನಿಂದ ಆರಿಸಿಡುವುದು ಅನುಕೂಲ, ಏಕೆಂದರೆ ಒಂದು ಕಡೆಯ ತೊಂದರೆಗೆ ಎಲ್ಲ ದೀಪಗಳೂ ಆರಿ ಯಾವ ಭಾಗ ಸರಿಯಿದೆ ಎಂದು ತಿಳಿಯದಂತಾಗುತ್ತದೆ. ಕೆಲಸ ಮುಗಿದ ಮೇಲೆ ಚಾಲೂ ಮಾಡಿ, ಫೈಬರನ್ನು ಬೇಕೆಂದೇ ಒಮ್ಮೆ ಕಳಚಿ, ಎರಡೂ ಸ್ವಿಚ್ಚುಗಳಲ್ಲಿ ಪೋರ್ಟು ಬೀಳುತ್ತದೆಯೇ ಎಂದು ನೋಡದೆ ಅಲ್ಲಿಂದ ಹೊರಡಬಾರದು. ಈ ಸೌಲಭ್ಯವಿಲ್ಲದ ಕನ್ವರ್ಟರನ್ನು, ಅದು ಎಷ್ಟೇ ಅಗ್ಗವಾಗಿರಲಿ, ಎರಡು ಸ್ವಿಚ್ಚುಗಳ ನಡುವೆ ಇಡಲು ನಾನು ಒಪ್ಪುವುದಿಲ್ಲ.

ವಿದ್ಯುತ್ ಪೂರೈಕೆಯನ್ನೂ ಇದೇ ಗಂಭೀರತೆಯಿಂದ ನೋಡಬೇಕು. ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದ್ದರಿಂದ ಆಚೆಯ ತುದಿಯಲ್ಲಿ ಪ್ಲಗ್ ಇರಲೇಬೇಕು. ಕಂಬದ ಮೇಲಿನ ಕ್ಯಾಮೆರಾಕ್ಕೆ ಪಿಒಇ, ಅಂದರೆ ಈಥರ್ನೆಟ್ ಕೇಬಲ್ಲಿನಲ್ಲೇ ಬರುವ ವಿದ್ಯುತ್ತು, ಬೇಕಿದ್ದರೆ ಕನ್ವರ್ಟರೇ ಅದನ್ನು ಕೊಡಬೇಕು. ‘ಪಿಒಇ ಕನ್ವರ್ಟರ್’ ಎಂದಷ್ಟೇ ಬರೆದಿದ್ದರೆ ಅದು ಪಿಒಇ ಕೊಡುತ್ತದೆಯೋ ಪಿಒಇಯಿಂದ ತಾನು ನಡೆಯುತ್ತದೆಯೋ ಎಂದು ವಿಚಾರಿಸಬೇಕು, ಇವೆರಡೂ ಬೇರೆ ವಸ್ತುಗಳು. ಕೊಡುವಂಥದ್ದಾದರೆ ಎಷ್ಟು ವಾಟ್ ಎಂಬುದೂ ಮುಖ್ಯ. 802.3ಎಎಫ್ ಪ್ರಮಾಣದಲ್ಲಿ ಪೋರ್ಟಿನಿಂದ 15.4 ವಾಟ್ ಹೊರಟು ಉಪಕರಣಕ್ಕೆ 12.95 ವಾಟ್ ತಲುಪುವ ಖಾತರಿಯಿದೆ, 802.3ಎಟಿಯಲ್ಲಿ 30 ವಾಟ್ ಹೊರಟು 25.5 ವಾಟ್ ತಲುಪುತ್ತದೆ. ತಿರುಗುವ ಕ್ಯಾಮೆರಾಕ್ಕೆ ಮೊದಲನೆಯದು ಸಾಲದೆ ಹೋಗಬಹುದು. ಒಂದೇ ಕೋಣೆಯಲ್ಲಿ ಹತ್ತಾರು ಕನ್ವರ್ಟರುಗಳು ಸೇರುವುದಾದರೆ ಹತ್ತಾರು ಅಡಾಪ್ಟರುಗಳನ್ನು ನೇತುಹಾಕುವ ಬದಲು, ಎರಡು ವಿದ್ಯುತ್ ಮೂಲಗಳಿರುವ ರ್‍ಯಾಕ್ ಚಾಸಿ ಕೊಳ್ಳುವುದು ಲೇಸು. ಬಿಸಿಲಿಗೆ ಕಾಯುವ ಹೊರಾಂಗಣದ ಪೆಟ್ಟಿಗೆಯಲ್ಲಿ 40 ಅಥವಾ 50 ಡಿಗ್ರಿವರೆಗಿನ ಸಾಮಾನ್ಯ ಮಾದರಿ ಬಾಳುವುದಿಲ್ಲ. ಮೈನಸ್ 40ರಿಂದ 75 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ, ಡಿನ್ ರೈಲಿಗೆ (ಪೆಟ್ಟಿಗೆಯೊಳಗೆ ಉಪಕರಣ ಸಿಕ್ಕಿಸುವ ಲೋಹದ ಪಟ್ಟಿಗೆ) ಕೂರುವ, ಎರಡು ಡಿಸಿ ಒಳಹರಿವುಗಳಿರುವ ಕೈಗಾರಿಕಾ ಮಾದರಿಯೇ ಬೇಕು, ಅದರೊಳಗಿನ ಎಸ್‌ಎಫ್‌ಪಿಯೂ ಅದೇ ತಾಪಮಾನ ತಾಳುವಂಥದ್ದಾಗಿರಬೇಕು. ಸಿಡಿಲಿನ ಭಯಕ್ಕೆ ಫೈಬರ್ ಹಾಕಿದವರು ಇನ್ನೊಂದನ್ನು ಗಮನಿಸಬೇಕು: ಕೇಬಲ್ಲಿಗೆ ಉಕ್ಕಿನ ಕವಚವಿದ್ದರೆ ಆ ಲೋಹ ವಿದ್ಯುತ್ತನ್ನು ಒಯ್ಯುತ್ತದೆ, ಅದಕ್ಕೆ ಸರಿಯಾದ ಅರ್ಥಿಂಗ್ ಕೊಡಲೇಬೇಕು.

ಕನ್ವರ್ಟರ್ ಬೇಕೇ ಬೇಕೆ ಎಂಬುದನ್ನೂ ಯೋಚಿಸಬೇಕು. ಸ್ವಿಚ್ಚಿನಲ್ಲಿ ಎಸ್‌ಎಫ್‌ಪಿ ಗೂಡು ಖಾಲಿ ಇದ್ದರೆ ಫೈಬರನ್ನು ನೇರವಾಗಿ ಅಲ್ಲಿಗೇ ತರಬಹುದು. ಒಂದು ಪೆಟ್ಟಿಗೆ, ಒಂದು ಅಡಾಪ್ಟರ್, ಕೆಡಬಹುದಾದ ಎರಡು ಜಾಗಗಳು ಕಡಿಮೆಯಾಗುತ್ತವೆ, ಬೆಳಕು ಹೋದದ್ದು ಸ್ವಿಚ್ಚಿಗೆ ನೇರವಾಗಿ ಗೊತ್ತಾಗುತ್ತದೆ. ಒಂದು ತುದಿಯಲ್ಲಿ ಇಂತಹ ಸ್ವಿಚ್, ಇನ್ನೊಂದು ತುದಿಯಲ್ಲಿ ಮಾತ್ರ ಕನ್ವರ್ಟರ್ ಇದ್ದರೂ ನಡೆಯುತ್ತದೆ. ವೇಗ, ತರಂಗಾಂತರ, ಫೈಬರಿನ ಬಗೆ ಮೂರೂ ಹೊಂದಿದರೆ ಸಾಕು. ಸ್ವಿಚ್ ಬದಲಿಸುವ ಯೋಜನೆ ಹತ್ತಿರದಲ್ಲಿದ್ದರೆ ಕನ್ವರ್ಟರಿಗೆ ಹಣ ಹಾಕುವ ಮುನ್ನ ಆ ಸ್ವಿಚ್ಚಿಗೇ ಸೇರಿಸಿ ಲೆಕ್ಕ ಹಾಕಿ ನೋಡಿ.

ಜೋಡಿಸುವ ದಿನ ಎರಡು ಕೆಲಸಗಳನ್ನು ಬಿಡಬಾರದು. ಹೊಸ ಪ್ಯಾಚ್ ಕಾರ್ಡಾದರೂ ಅದರ ತುದಿಯನ್ನು ಒರೆಸಿಯೇ ಚುಚ್ಚಬೇಕು, ಏಕೆಂದರೆ 9 ಮೈಕ್ರಾನ್ ತಿರುಳನ್ನು ಮುಚ್ಚಲು ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಸಾಕು. ಆಮೇಲೆ ಎರಡೂ ತುದಿಗಳಲ್ಲಿ ಪವರ್ ಮೀಟರಿನಿಂದ ಬೆಳಕನ್ನು ಅಳೆದು, ಎಷ್ಟು ಡಿಬಿಎಂ ಬಂತು, ಯಾವ ಎಳೆ, ಯಾವ ತರಂಗಾಂತರ, ಯಾವ ತಾರೀಖು ಎಂದು ಬರೆದು ಆ ಚೀಟಿಯನ್ನು ಕನ್ವರ್ಟರಿನ ಮೇಲೆಯೇ ಅಂಟಿಸಬೇಕು. ಎರಡು ವರ್ಷದ ನಂತರ ಲಿಂಕ್ ತಡವರಿಸಿದಾಗ ಬರುವವರು ಬೇರೆ ಯಾರೋ ಆಗಿರಬಹುದು. ಕೆಟ್ಟಿರುವುದು ಗಾಜೋ ಪೆಟ್ಟಿಗೆಯೋ ಎಂದು ಅವರು ಆ ಒಂದು ಅಂಕಿಯೊಂದಿಗೆ ಹೋಲಿಸಿ ಹೇಳಬಲ್ಲರು.